ಕಟ್ಟಡದ ರೂಪ ಬದಲಾಗುವ ಮುನ್ನ ಅದರ ಚರಿತ್ರೆ ದಾಖಲಾಗಲಿ

ಬೆಂಗಳೂರಿನ ಫ್ರೀಡಂ ಪಾರ್ಕ್ ಇಂದು ನಾಡಿನ ಎಲ್ಲ ಅಸಮಾಧಾನಗಳ ವಿಳಾಸವಾಗಿದೆ. ಅಂಗನವಾಡಿ ಕಾರ್ಯಕರ್ತೆಯರಿಂದ ಹಿಡಿದು ರೈತರವರೆಗೆ, ಪೌರಕಾರ್ಮಿಕರಿಂದ ಹಿಡಿದು ವಿದ್ಯಾರ್ಥಿಗಳವರೆಗೆ, ತಮ್ಮ ಬೇಡಿಕೆಯನ್ನು ಸರಕಾರದ ಕಿವಿಗೆ ಮುಟ್ಟಿಸಬಯಸುವವರೆಲ್ಲರೂ ಇಲ್ಲಿಗೇ ಬಂದು ಸೇರುತ್ತಾರೆ. ಆದರೆ ಇಲ್ಲಿ ಕುಳಿತು ಘೋಷಣೆ ಕೂಗುವವರಲ್ಲಿ ಎಷ್ಟು ಮಂದಿಗೆ, ತಾವು ಕುಳಿತಿರುವುದು ನೂರಮೂವತ್ತಕ್ಕೂ ಹೆಚ್ಚು ವರ್ಷ ಸೆರೆಮನೆಯಾಗಿದ್ದ ನೆಲದ ಮೇಲೆ ಎಂಬ ಅರಿವಿದೆ? ಅರಿವಿರುವವರಲ್ಲಾದರೂ ಆ ಸೆರೆಮನೆಯ ಬ್ಯಾರಕ್ಕುಗಳು ಎಲ್ಲಿ ನಿಂತಿದ್ದವು, ಗೋಡೆಗಳು ಎಷ್ಟು ದಪ್ಪವಿದ್ದವು, ಯಾವ ಕೋಣೆಯ ಕಿಟಕಿಯಿಂದ ಎಷ್ಟು ಬೆಳಕು ಬರುತ್ತಿತ್ತು ಎಂದು ಹೇಳಬಲ್ಲವರು ಎಷ್ಟು ಮಂದಿ?

ಹಳೆಯ ಸಾರ್ವಜನಿಕ ಕಟ್ಟಡವೊಂದನ್ನು ಹೊಸ ಉಪಯೋಗಕ್ಕೆ ಪರಿವರ್ತಿಸುವ ಮುನ್ನ ಅದರ ಪೂರ್ಣ ಚರಿತ್ರೆಯನ್ನು ದಾಖಲಿಸುವುದು ಅಗತ್ಯವೇ ಎಂಬ ಪ್ರಶ್ನೆ ಕೆಲವರಿಗೆ ಅನಗತ್ಯ ಚರ್ಚೆಯಾಗಿ ಕಾಣಬಹುದು. ಬಡತನ, ನಿರುದ್ಯೋಗ, ಕೋಮು ದ್ವೇಷದಂತಹ ಸಮಸ್ಯೆಗಳ ನಡುವೆ ಇಟ್ಟಿಗೆ ಗಾರೆಗಳ ಚಿಂತೆ ಯಾರಿಗೆ ಬೇಕಾಗಿದೆ ಎಂದು ಅವರು ಕೇಳಬಹುದು. ಆದರೆ ಸ್ವಲ್ಪ ಆಳವಾಗಿ ಯೋಚಿಸಿದರೆ, ಇದು ಕೇವಲ ಇಟ್ಟಿಗೆ ಗಾರೆಗಳ ಪ್ರಶ್ನೆಯಲ್ಲ, ಸಾಕ್ಷ್ಯದ ಪ್ರಶ್ನೆ ಎಂಬುದು ಮನವರಿಕೆಯಾಗುತ್ತದೆ. ಯಾವ ಸಮಾಜ ತನ್ನ ಸಾಕ್ಷ್ಯಗಳನ್ನು ತಾನೇ ಅಳಿಸಿಹಾಕುತ್ತದೆಯೋ ಆ ಸಮಾಜದ ಇತಿಹಾಸವನ್ನು ಇತರರು ತಮಗೆ ಬೇಕಾದಂತೆ ಬರೆಯುತ್ತಾರೆ.

ಮೊದಲು ಆ ಸೆರೆಮನೆಯ ವಿಷಯವನ್ನೇ ನೋಡೋಣ. 1831ರಿಂದ 1881ರವರೆಗೆ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಅವಧಿಯಲ್ಲಿ, 1860ರ ದಶಕದಲ್ಲಿ, ಬೆಂಗಳೂರಿನ ಕೇಂದ್ರ ಕಾರಾಗೃಹ ನಿರ್ಮಾಣವಾಯಿತು. ನಡುವೆ ಒಂದು ಕಾವಲು ಗೋಪುರ, ಅದರ ಸುತ್ತ ಚಕ್ರದ ಅರೆಗಳಂತೆ ಚಾಚಿಕೊಂಡ ಬ್ಯಾರಕ್ಕುಗಳು. ಗೋಪುರದಲ್ಲಿ ನಿಂತ ಒಬ್ಬನೇ ಕಾವಲುಗಾರ ಎಲ್ಲ ದಿಕ್ಕಿನ ಮೇಲೂ ಕಣ್ಣಿಡಬಹುದಾಗಿತ್ತು. ತನ್ನ ಮೇಲೆ ಯಾವ ಕ್ಷಣದಲ್ಲಿ ಆ ಕಣ್ಣು ಬಿದ್ದಿದೆ ಎಂಬುದು ಮಾತ್ರ ಕೈದಿಗೆ ತಿಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ರತಿಪಾದಿಸಿದ ಸೆರೆಮನೆಯ ಕಲ್ಪನೆಯ ನೆರಳು ಈ ವಿನ್ಯಾಸದಲ್ಲಿದೆ. ಅಂದರೆ ಅಧಿಕಾರವು ಪ್ರಜೆಯನ್ನು ಹೇಗೆ ಕಾಣುತ್ತಿತ್ತು ಎಂಬುದನ್ನು ತಿಳಿಯಲು ದೊಡ್ಡ ಗ್ರಂಥಗಳೇ ಬೇಕಾಗಿಲ್ಲ. ಆ ಕಟ್ಟಡದ ನಕ್ಷೆಯೇ ಅದನ್ನು ಹೇಳುತ್ತದೆ.

ಸ್ವಾತಂತ್ರ್ಯಾನಂತರವೂ ಆ ಗೋಡೆಗಳು ಸುಮ್ಮನಿರಲಿಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಬಂಧಿಸಿ ಇದೇ ಸೆರೆಮನೆಯಲ್ಲಿಡಲಾಯಿತು. ಸಿದ್ಧಾಂತದಲ್ಲಿ ಪರಸ್ಪರ ವಿರುದ್ಧ ದಿಕ್ಕಿನವರು ಒಂದೇ ಛಾವಣಿಯ ಕೆಳಗೆ ದಿನ ಕಳೆದರು. ರಂಗಭೂಮಿ ಹಾಗೂ ಚಲನಚಿತ್ರ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನೂ ಇಲ್ಲಿಯೇ ಎಂಟು ತಿಂಗಳಿಗೂ ಹೆಚ್ಚು ಕಾಲ ಬಂಧನದಲ್ಲಿಡಲಾಗಿತ್ತು. ಅಸ್ತಮಾ ಪೀಡಿತರಾಗಿದ್ದ ಅವರು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಉಸಿರಾಟದ ತೊಂದರೆಯಿದ್ದ ಒಬ್ಬ ಹೆಣ್ಣುಮಗಳನ್ನು ಇರಿಸಿದ್ದ ಕೋಣೆಯ ಉದ್ದವೆಷ್ಟು, ಅಗಲವೆಷ್ಟು, ಗಾಳಿ ಬರಲು ದಾರಿಯಿತ್ತೇ ಎಂಬುದು ವಾಸ್ತುಶಿಲ್ಪದ ಪ್ರಶ್ನೆಯಷ್ಟೇ ಅಲ್ಲ, ಮಾನವ ಹಕ್ಕುಗಳ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರ ಹೇಳಬಲ್ಲದ್ದು ಆ ಕೋಣೆ ಮಾತ್ರ. ಕೋಣೆ ಇಲ್ಲವಾದರೆ, ಅದರ ಅಳತೆಯ ದಾಖಲೆ ಮಾತ್ರ.

2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರದ ಹೊಸ ಕಾರಾಗೃಹಕ್ಕೆ ಸ್ಥಳಾಂತರಿಸಲಾಯಿತು. ಬಳಿಕ ವಿನ್ಯಾಸ ಸ್ಪರ್ಧೆಯೊಂದನ್ನು ಏರ್ಪಡಿಸಿ, ಆಯ್ಕೆಯಾದ ವಾಸ್ತುಶಿಲ್ಪಿಗಳ ಯೋಜನೆಯಂತೆ ಸೆರೆಮನೆಯನ್ನು ಉದ್ಯಾನವಾಗಿ ಪರಿವರ್ತಿಸಲಾಯಿತು. 2008ರಲ್ಲಿ ಫ್ರೀಡಂ ಪಾರ್ಕ್ ಸಾರ್ವಜನಿಕರಿಗೆ ತೆರೆದುಕೊಂಡಿತು. ಕಾವಲು ಗೋಪುರವನ್ನೂ ಬ್ಯಾರಕ್ಕಿನ ಭಾಗವನ್ನೂ ಉಳಿಸಿಕೊಂಡದ್ದು ಶ್ಲಾಘನೀಯ. ನಗರದ ನಡುವಿನ ಅಷ್ಟು ಬೆಲೆಬಾಳುವ ಭೂಮಿಯನ್ನು ವ್ಯಾಪಾರಿ ಸಂಕೀರ್ಣಕ್ಕೆ ಕೊಡದೆ ಜನರಿಗೆ ಬಿಟ್ಟದ್ದು ಅದಕ್ಕಿಂತಲೂ ಶ್ಲಾಘನೀಯ. ಆದರೆ ಉಳಿಸಿಕೊಂಡದ್ದು ಒಂದು ಅಂಶ ಮಾತ್ರ. ಉಳಿಯದ ಭಾಗಗಳ ಅಳತೆ, ಛಾಯಾಚಿತ್ರ, ಅಲ್ಲಿ ದುಡಿದ ಸಿಬ್ಬಂದಿಯ ನೆನಪು, ಅಲ್ಲಿ ಶಿಕ್ಷೆ ಅನುಭವಿಸಿದವರ ಮಾತು, ಇವೆಲ್ಲವೂ ಒಂದು ಸಂಪುಟವಾಗಿ, ಕನ್ನಡದಲ್ಲಿ, ಉದ್ಯಾನದ ಬಾಗಿಲಲ್ಲಿಯೇ ಪ್ರತಿಯೊಬ್ಬ ನಾಗರಿಕನ ಕೈಗೆ ಸಿಗುವಂತಿರಬೇಕಲ್ಲವೇ? ಗೋಪುರವನ್ನು ನೋಡಿ ಬರುವ ಶಾಲಾ ಬಾಲಕನಿಗೆ ಅದರ ಸುತ್ತ ಏನಿತ್ತು ಎಂದು ತಿಳಿಯದಿದ್ದರೆ, ಅದು ಅವನಿಗೆ ಎತ್ತರದ ಒಂದು ಕಟ್ಟಡ ಮಾತ್ರ.

ನಮ್ಮಲ್ಲಿ ಹಳೆಯ ಕಟ್ಟಡಗಳ ಕುರಿತ ಚರ್ಚೆ ಯಾವಾಗಲೂ ಎರಡೇ ತುದಿಗಳ ನಡುವೆ ನಡೆಯುತ್ತದೆ. ಕೆಡವಬೇಕು ಎನ್ನುವವರು ಒಂದು ಕಡೆ, ಉಳಿಸಬೇಕು ಎನ್ನುವವರು ಇನ್ನೊಂದು ಕಡೆ. ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ ಅಠಾರಾ ಕಚೇರಿ. 1868ರಲ್ಲಿ ಪೂರ್ಣಗೊಂಡು ಸರಕಾರದ ಹದಿನೆಂಟು ಇಲಾಖೆಗಳಿಗೆ ನೆಲೆಯಾದ, ಇಂದು ಹೈಕೋರ್ಟ್ ನಡೆಯುತ್ತಿರುವ ಆ ಕೆಂಪು ಕಟ್ಟಡವನ್ನು 1980ರ ದಶಕದ ಆರಂಭದಲ್ಲಿ ಕೆಡವಲು ಸರಕಾರ ಮುಂದಾಗಿತ್ತು. ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ಪ್ರತಿಯೊಂದು ಕಟ್ಟಡಕ್ಕೂ ಅಂತಹ ಭಾಗ್ಯವಿರುವುದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ಅದೇ ನಗರದ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಅನಂತರ ನಡೆದದ್ದು ಕೆಡವುದೋ ಉಳಿಸುವುದೋ ಎಂಬ ವರ್ಷಾನುಗಟ್ಟಲೆಯ ವಾದ. ವಾದ ಮುಗಿಯುವುದನ್ನು ಮಳೆ ಕಾಯುವುದಿಲ್ಲ, ಗೆದ್ದಲು ಕಾಯುವುದಿಲ್ಲ. ಆದುದರಿಂದ ಈ ಎರಡು ತುದಿಗಳ ನಡುವೆ ಮೂರನೆಯ ಒಂದು ಹೊಣೆಯಿದೆ, ಅದೇ ದಾಖಲಾತಿ. ಕಟ್ಟಡ ಉಳಿಯಲಿ ಅಥವಾ ಅಳಿಯಲಿ, ಅದರ ಪೂರ್ಣ ದಾಖಲೆ ಮೊದಲು ಸಿದ್ಧವಾಗಬೇಕು. ಈ ವಿಷಯದಲ್ಲಿ ಎರಡೂ ಪಕ್ಷದವರಿಗೆ ಭಿನ್ನಾಭಿಪ್ರಾಯವಿರಲು ಕಾರಣವೇ ಇಲ್ಲ.

ಪರಿವರ್ತನೆ ಎಂಬುದು ತಪ್ಪಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸಬೇಕಾಗಿದೆ. ಬೆಂಗಳೂರಿನ ಚರಿತ್ರೆಯೇ ಪರಿವರ್ತನೆಗಳ ಚರಿತ್ರೆ. ಹೈದರ್ ಅಲಿ ಆರಂಭಿಸಿ ಟಿಪ್ಪು ಸುಲ್ತಾನ್ 1791ರಲ್ಲಿ ಪೂರ್ಣಗೊಳಿಸಿದ ಬೇಸಿಗೆ ಅರಮನೆ ಕಮಿಷನರುಗಳ ಕಾಲದಲ್ಲಿ ಸರಕಾರದ ಸಚಿವಾಲಯವಾಯಿತು. 1868ರಲ್ಲಿ ಆ ಕಚೇರಿಗಳು ಅಠಾರಾ ಕಚೇರಿಗೆ ಬಂದವು. 1956ರಲ್ಲಿ ವಿಧಾನಸೌಧ ಸಿದ್ಧವಾದ ಮೇಲೆ ಆಡಳಿತ ರಸ್ತೆ ದಾಟಿ ಎದುರಿಗೆ ಹೋಯಿತು, ನ್ಯಾಯಾಲಯ ಹಳೆಯ ಕಟ್ಟಡದಲ್ಲಿ ಉಳಿಯಿತು. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಉಪಯೋಗದಲ್ಲಿರುವ ಕಟ್ಟಡವೇ ಬದುಕುವ ಕಟ್ಟಡ. ಬೀಗ ಹಾಕಿ ಪೂಜಿಸುವುದರಿಂದ ಯಾವ ಕಟ್ಟಡವೂ ಉಳಿದದ್ದಿಲ್ಲ. ಆದರೆ ಪ್ರತಿಯೊಂದು ಪರಿವರ್ತನೆಯೂ ಏನನ್ನೋ ಮುಚ್ಚುತ್ತದೆ. ಗೋಡೆಯೊಂದು ಏಳುತ್ತದೆ, ಬಾಗಿಲೊಂದು ಮುಚ್ಚುತ್ತದೆ, ಗಾರೆಯ ಮೇಲೆ ಸಿಮೆಂಟ್ ಬೀಳುತ್ತದೆ, ಶಾಸನದ ಮೇಲೆ ಬಣ್ಣ ಬಳಿಯುತ್ತಾರೆ. ಮುಚ್ಚುವ ಮುನ್ನ ಏನನ್ನು ಮುಚ್ಚುತ್ತಿದ್ದೇವೆಂದು ಬರೆದಿಡುವುದು ಕನಿಷ್ಠ ಪ್ರಾಮಾಣಿಕತೆ.

ಈ ಕೆಲಸ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬಿಜಾಪುರದ ಆದಿಲ್‌ಶಾಹಿ ಕಟ್ಟಡಗಳ ಅಳತೆಯ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಒಳಗೊಂಡ ಬೃಹತ್ ಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಚರಿತ್ರೆಯ ಭಾಗವನ್ನು ಬರೆದವರು ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಬರೆದವರು ಜೇಮ್ಸ್ ಫರ್ಗ್ಯುಸನ್. ನಕ್ಷೆಗಳನ್ನು ತಯಾರಿಸಿದವರಲ್ಲಿ ಬ್ರಿಟಿಷ್ ಇಂಜಿನಿಯರರ ಹೆಸರುಗಳಿವೆ. ಅವರೊಂದಿಗೆ ದುಡಿದ ಭಾರತೀಯ ನಕ್ಷೆಗಾರರನ್ನು ಮಾತ್ರ ಹೆಸರಿಲ್ಲದೆ, ದೇಶೀಯರು ಎಂದಷ್ಟೇ ಮುಖಪುಟದಲ್ಲಿ ಕಾಣಿಸಲಾಗಿದೆ. 1880ರ ದಶಕದಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಹಳೆಯ ಅರಮನೆಗಳು ಒಂದೊಂದಾಗಿ ಕಚೇರಿಗಳಾಗಿ, ಅಧಿಕಾರಿಗಳ ವಸತಿಗಳಾಗಿ ಮಾರ್ಪಟ್ಟವು. ಮಸೀದಿಯೊಂದು ಅಂಚೆ ಕಚೇರಿಯಾದ ಕಾಲವೂ ಇತ್ತು. ವೈಸರಾಯ್ ಕರ್ಜನ್ ಸ್ವತಃ ಇಂತಹ ದುರುಪಯೋಗಗಳನ್ನು ಬಹಿರಂಗವಾಗಿ ಟೀಕಿಸಬೇಕಾಯಿತು. ಈ ಪರಿವರ್ತನೆಗಳಿಗಿಂತ ಮೊದಲೇ ನಕ್ಷೆಗಳು ಸಿದ್ಧವಾಗಿದ್ದುದರಿಂದ ಮೂಲರೂಪ ಏನಿತ್ತೆಂದು ತಿಳಿಯಲು ಮುಂದಿನವರಿಗೆ ಒಂದು ಆಧಾರ ಉಳಿಯಿತು.

ಇನ್ನು ಬೀದರ್. ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸವು ಹದಿನೇಳನೆಯ ಶತಮಾನದ ಕೊನೆಯಲ್ಲಿ ಸ್ಫೋಟಕ್ಕೆ ಸಿಲುಕಿ ತನ್ನ ಮುಂಭಾಗದ ದೊಡ್ಡ ಅಂಶವನ್ನು ಕಳೆದುಕೊಂಡಿತು. ಜ್ಞಾನದ ಕೇಂದ್ರವೊಂದು ಸೇನೆಯ ಕೈಗೆ ಬಂದು ಅಲ್ಲಿ ಮದ್ದುಗುಂಡು ಸಂಗ್ರಹವಾದದ್ದು, ಉಪಯೋಗದ ಬದಲಾವಣೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ನಿದರ್ಶನ. ಆ ಮದ್ರಸವನ್ನೂ ಬಹಮನಿ ಕಾಲದ ಇತರ ಕಟ್ಟಡಗಳನ್ನೂ ಶಾಸ್ತ್ರೀಯವಾಗಿ ದಾಖಲಿಸಿದವರು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಝ್ದಾನಿ. ಬೀದರಿನ ಚರಿತ್ರೆ ಮತ್ತು ಸ್ಮಾರಕಗಳ ಕುರಿತ ಅವರ ಗ್ರಂಥ 1947ರಲ್ಲಿ ಹೊರಬಂತು. ಅಳತೆಯ ನಕ್ಷೆ, ಶಾಸನಗಳ ಪಾಠ, ಛಾಯಾಚಿತ್ರ, ಚರಿತ್ರೆ ಇವೆಲ್ಲವನ್ನೂ ಒಟ್ಟಿಗೆ ತಂದ ಆ ಗ್ರಂಥವನ್ನು ಬಿಟ್ಟು ಇಂದಿಗೂ ಬೀದರಿನ ಬಗ್ಗೆ ಯಾರೂ ಗಂಭೀರವಾಗಿ ಬರೆಯಲಾರರು. ದೇಶ ಇಬ್ಭಾಗವಾಗುತ್ತಿದ್ದ ವರ್ಷದಲ್ಲಿ, ಯಾವ ಕಟ್ಟಡದ ಭವಿಷ್ಯವೂ ಖಚಿತವಿಲ್ಲದಿದ್ದ ಕಾಲದಲ್ಲಿ, ಒಬ್ಬ ವಿದ್ವಾಂಸ ಬಿಟ್ಟುಹೋದ ಆಸ್ತಿಯದು. ಅಂತಹ ಪರಂಪರೆಯ ವಾರಸುದಾರರಾದ ನಾವು ಇಂದು ಎಲ್ಲಿದ್ದೇವೆ?

ಹೊರಜಗತ್ತಿನಲ್ಲಿ ಈ ಹೊಣೆಯನ್ನು ವ್ಯವಸ್ಥೆಯಾಗಿಯೇ ರೂಪಿಸಲಾಗಿದೆ. ಅಮೆರಿಕವು 1933ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ, ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿಗಳಿಗೆ ಸಂಬಳ ಕೊಟ್ಟು ಹಳೆಯ ಕಟ್ಟಡಗಳ ನಕ್ಷೆ ಬರೆಸಿತು. ಬಡತನದ ಕಾಲದಲ್ಲಿ ಆರಂಭವಾದ ಆ ಯೋಜನೆ ಇಂದಿಗೂ ಮುಂದುವರಿದಿದೆ. ಅದರ ದಾಖಲೆಗಳು ಅಲ್ಲಿನ ಸಂಸತ್ತಿನ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡುವಂತಿವೆ. ಇಂಗ್ಲೆಂಡಿನಲ್ಲಿ ಹಳೆಯ ಆಸ್ಪತ್ರೆಯನ್ನೋ ಶಾಲೆಯನ್ನೋ ವಸತಿ ಸಂಕೀರ್ಣವಾಗಿ ಪರಿವರ್ತಿಸಲು ಅನುಮತಿ ಕೊಡುವಾಗ, ಮೊದಲು ಅದನ್ನು ದಾಖಲಿಸಬೇಕೆಂಬ ಷರತ್ತನ್ನು ವಿಧಿಸುವ ಪದ್ಧತಿಯಿದೆ. ಸರಳ ಛಾಯಾಚಿತ್ರದಿಂದ ಹಿಡಿದು ಪೂರ್ಣ ವಿಶ್ಲೇಷಣೆಯವರೆಗೆ ನಾಲ್ಕು ಹಂತಗಳಲ್ಲಿ, ಯಾವ ಕಟ್ಟಡಕ್ಕೆ ಎಷ್ಟು ದಾಖಲಾತಿ ಬೇಕೆಂದು ಅಲ್ಲಿ ನಿರ್ಧರಿಸುತ್ತಾರೆ. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಛಾವಣಿ ಸುಟ್ಟುಹೋದಾಗ, ಅದನ್ನು ಪುನಃ ನಿಲ್ಲಿಸಲು ನೆರವಾದ ಆಧಾರಗಳಲ್ಲಿ ಆಂಡ್ರ್ಯೂ ಟ್ಯಾಲನ್ ಎಂಬ ಪ್ರಾಧ್ಯಾಪಕರು ವರ್ಷಗಳ ಹಿಂದೆ ಲೇಸರ್ ಕಿರಣಗಳಿಂದ ಮಾಡಿದ್ದ ಅಳತೆಯೂ ಒಂದು. ಅವರು 2018ರಲ್ಲಿಯೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಅಳತೆ ಉಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು.

ನಮ್ಮ ಕಾನೂನಿನಲ್ಲಿ ಒಂದು ವಿಪರ್ಯಾಸವಿದೆ. ಕೇಂದ್ರ ಸರಕಾರದ ಕಚೇರಿಯೊಂದರ ಹಳೆಯ ಕಡತವನ್ನು ಮನಬಂದಂತೆ ನಾಶಪಡಿಸುವಂತಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಅದಕ್ಕೆ ಕ್ರಮವನ್ನು ವಿಧಿಸಿದೆ. ಆದರೆ ಆ ಕಡತಗಳು ದಶಕಗಳ ಕಾಲ ಇದ್ದ ಕಟ್ಟಡ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲದಿದ್ದರೆ, ಅದರ ಒಳಾಂಗಣವನ್ನು ಒಂದು ಟೆಂಡರಿನಲ್ಲಿ ಒಡೆದು ಹಾಕಬಹುದು. ಸ್ಮಾರಕಗಳ ಕಾನೂನು ನೂರು ವರ್ಷಕ್ಕಿಂತ ಹಳೆಯದಾದ ಕಟ್ಟಡಗಳ ಬಗ್ಗೆ ಮಾತನಾಡುತ್ತದೆ, ಅದೂ ಅಧಿಸೂಚನೆ ಹೊರಟರೆ ಮಾತ್ರ. ಸ್ವಾತಂತ್ರ್ಯದ ಬಳಿಕ ಕಟ್ಟಿದ ಶಾಲೆ, ಆಸ್ಪತ್ರೆ, ವಾಚನಾಲಯ, ಸಹಕಾರ ಸಂಘದ ಕಟ್ಟಡಗಳಿಗೆ ಅದು ರಕ್ಷಣೆಯಾಗುವುದಿಲ್ಲ. ಟಿ.ಪಿ. ಇಸ್ಸಾರ್ ಎಂಬ ಐಎಎಸ್ ಅಧಿಕಾರಿ ಬೆಂಗಳೂರಿನ ಹಳೆಯ ಕಟ್ಟಡಗಳ ಕುರಿತು 1988ರಲ್ಲಿ ಹೊರತಂದ ಸಚಿತ್ರ ಗ್ರಂಥವನ್ನು ಇಂದು ತೆರೆದು ನೋಡಿದರೆ, ಅದರಲ್ಲಿರುವ ಎಷ್ಟೋ ಕಟ್ಟಡಗಳು ಈಗ ಆ ಪುಟಗಳಲ್ಲಿ ಮಾತ್ರ ಇವೆ. ಅಷ್ಟಾದರೂ ಇರುವುದು ಒಬ್ಬ ಅಧಿಕಾರಿಯ ಆಸ್ಥೆಯಿಂದ. ಒಬ್ಬ ವ್ಯಕ್ತಿಯ ಆಸ್ಥೆಯನ್ನು ನಂಬಿ ಒಂದು ನಗರದ ನೆನಪನ್ನು ಬಿಟ್ಟುಬಿಡಬಹುದೇ?

ನಗರದ ಹೃದಯಭಾಗದ ಕಟ್ಟಡಗಳಿಗಾದರೂ ಪರವಾಗಿ ಮಾತನಾಡುವವರಿದ್ದಾರೆ, ಬರೆಯುವವರಿದ್ದಾರೆ, ನ್ಯಾಯಾಲಯಕ್ಕೆ ಹೋಗುವವರಿದ್ದಾರೆ. ಅಂಚಿನ ಕಥೆಯೇನು? ದಕ್ಷಿಣದ ಸುಬ್ರಹ್ಮಣ್ಯಪುರವನ್ನೇ ತೆಗೆದುಕೊಳ್ಳಿ. ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿಯಾಗಿದ್ದ ಆ ಊರು ಇಂದು ಬಡಾವಣೆಗಳ, ಅಪಾರ್ಟ್‌ಮೆಂಟುಗಳ ನಡುವೆ ಒಂದು ಮುಖ್ಯರಸ್ತೆಯ ಹೆಸರಾಗಿ, ಒಂದು ಕೆರೆಯ ಹೆಸರಾಗಿ ಗುರುತಿಸಲ್ಪಡುತ್ತಿದೆ. ಸಮೀಪದ ಕನಕಪುರ ರಸ್ತೆಯಲ್ಲಿ 2021ರ ಜನವರಿಯಿಂದ ಮೆಟ್ರೊ ರೈಲು ಓಡುತ್ತಿದೆ, ಭೂಮಿಯ ಬೆಲೆ ಏರುತ್ತಲೇ ಇದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳು ನಗರದೊಳಗೆ ಸೇರಿಹೋದವು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಪ್ರತಿಯೊಂದು ಬದಲಾವಣೆಯೊಂದಿಗೆ ಕಚೇರಿಗಳ ಉಪಯೋಗ ಬದಲಾಗುತ್ತದೆ, ಕಡತಗಳು ಸ್ಥಳಾಂತರಗೊಳ್ಳುತ್ತವೆ, ಯಾವ ಕಟ್ಟಡ ಯಾರದ್ದೆಂಬುದೇ ಮಸುಕಾಗುತ್ತದೆ.

ಇಂತಹ ಊರುಗಳಲ್ಲಿ ಅಠಾರಾ ಕಚೇರಿಯಂತಹ ಭವ್ಯ ಕಟ್ಟಡಗಳು ಇರುವುದಿಲ್ಲ. ಇರುವುದು ಕಲ್ಲಿನ ತಳಪಾಯ, ಮಂಗಳೂರು ಹೆಂಚಿನ ಛಾವಣಿಯ ಸರಕಾರಿ ಶಾಲೆ, ಗ್ರಾಮ ಪಂಚಾಯತಿಯ ಹಳೆಯ ಕೋಣೆ, ಹಾಲಿನ ಡೈರಿ, ಪಶು ಚಿಕಿತ್ಸಾಲಯ, ಊರಿನವರು ಒಟ್ಟಾಗಿ ಕಟ್ಟಿಕೊಂಡ ಗುಡಿ, ಮಸೀದಿ. ವಾಸ್ತುಶಿಲ್ಪದ ಇತಿಹಾಸಕಾರರು ಇವುಗಳತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಹಳ್ಳಿಯೊಂದು ನಗರವಾದ ಬಗೆಯನ್ನು ಹೇಳಬಲ್ಲವು ಇವೇ. ಶಾಲೆಗೆ ಯಾರು ಜಾಗ ಕೊಟ್ಟರು, ಯಾವ ಕಡೆಯ ಕಲ್ಲು ಬಂತು, ಎಲ್ಲ ಜಾತಿಯ ಮಕ್ಕಳೂ ಒಂದೇ ಕೋಣೆಯಲ್ಲಿ ಕುಳಿತರೇ, ಹೆಣ್ಣುಮಕ್ಕಳಿಗೆಂದು ಶೌಚಾಲಯ ಯಾವ ವರ್ಷ ಸೇರಿಕೊಂಡಿತು ಎಂಬುದೆಲ್ಲ ಆ ಕಟ್ಟಡದ ಗೋಡೆಗಳಲ್ಲಿ, ಅದಕ್ಕೆ ಸೇರಿಸಿದ ಹೊಸ ಭಾಗಗಳಲ್ಲಿ, ಊರಿನ ಹಿರಿಯರ ನೆನಪಿನಲ್ಲಿ ಹಂಚಿಹೋಗಿದೆ. ಒಂದು ರಜಾದಿನ ಜೆಸಿಬಿ ಬಂದು ನಿಂತರೆ ಸಂಜೆಯ ಹೊತ್ತಿಗೆ ಅದು ಮುಗಿದ ಅಧ್ಯಾಯ. ಹಿರಿಯರೂ ಎಷ್ಟು ಕಾಲ ನಮ್ಮೊಂದಿಗಿರುತ್ತಾರೆ?

ಸರಕಾರವನ್ನು ಪ್ರಶ್ನಿಸುವಾಗ ನಮ್ಮದೇ ಮನೆಯತ್ತಲೂ ನೋಡಿಕೊಳ್ಳಬೇಕಾಗಿದೆ. ಮುಸ್ಲಿಂ ಸಮುದಾಯದ ಮಸೀದಿ, ಮದ್ರಸ, ಯತೀಮ್ ಖಾನೆ, ಮುಸಾಫಿರ್ ಖಾನೆ, ಉರ್ದು ಶಾಲೆಗಳ ವಿಷಯದಲ್ಲಿ ನಮ್ಮ ನಡವಳಿಕೆ ಸರಕಾರಕ್ಕಿಂತ ಉತ್ತಮವಾಗಿದೆಯೇ? ಜನಸಂಖ್ಯೆ ಹೆಚ್ಚಿದೆ, ನಮಾಝಿಗೆ ಸ್ಥಳ ಸಾಲುವುದಿಲ್ಲ, ಆದಾಯಕ್ಕೆ ಅಂಗಡಿ ಮಳಿಗೆಗಳು ಬೇಕು ಎಂಬ ಕಾರಣಗಳು ನಿಜವಾದವುಗಳೇ. ಆದುದರಿಂದ ಪುನರ್‌ನಿರ್ಮಾಣವನ್ನು ವಿರೋಧಿಸುವುದು ಈ ಬರಹದ ಉದ್ದೇಶವಲ್ಲ. ಆದರೆ ಗಾರೆಯ ಕಮಾನು, ಮರದ ಕಂಬ, ಕಲ್ಲಿನ ಹೌಝ್, ದಾನಿಯ ಹೆಸರು ಕೊರೆದ ಫಲಕ ಇವುಗಳ ಒಂದು ಛಾಯಾಚಿತ್ರವನ್ನೂ ತೆಗೆದಿರಿಸದೆ ಕೆಡವಿ, ಅದರ ಸ್ಥಾನದಲ್ಲಿ ಹೊಳೆಯುವ ಟೈಲ್ಸ್ ಅಂಟಿಸುವ ಆತುರ ಎಲ್ಲಿಂದ ಬಂತು? ಉದ್ಘಾಟನೆಯ ಫಲಕದಲ್ಲಿ ಆಡಳಿತ ಸಮಿತಿಯ ಎಲ್ಲ ಸದಸ್ಯರ ಹೆಸರುಗಳಿರುತ್ತವೆ. ಹಳೆಯ ಕಟ್ಟಡವನ್ನು ಬೆವರು ಸುರಿಸಿ ಕಟ್ಟಿದವರ ಹೆಸರನ್ನು ಹೇಳಬಲ್ಲವರು ಮೊಹಲ್ಲಾದಲ್ಲಿ ಒಬ್ಬರೂ ಸಿಗುವುದಿಲ್ಲ.

ಇದು ಭಾವನೆಯ ಮಾತಷ್ಟೇ ಅಲ್ಲ, ಹಕ್ಕಿನ ಮಾತೂ ಹೌದು. ನಮ್ಮ ಹಿರಿಯರು ಎಷ್ಟೋ ಜಾಗಗಳನ್ನು ಬಾಯಿಮಾತಿನಲ್ಲಿ ವಕ್ಫ್ ಮಾಡಿದರು. ಪತ್ರವಿಲ್ಲ, ನೋಂದಣಿಯಿಲ್ಲ. ತಲೆಮಾರುಗಳ ನಿರಂತರ ಬಳಕೆಯೇ ಅದಕ್ಕೆ ಆಧಾರ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯು ಬಳಕೆಯಿಂದ ವಕ್ಫ್ ಎಂಬ ಪರಿಕಲ್ಪನೆಯನ್ನು ಮುಂದಿನ ದಿನಗಳಿಗೆ ತೆಗೆದುಹಾಕಿತು. ಅದೇ ವರ್ಷದ ಜೂನ್ 6ರಂದು ಉಮೀದ್ ಹೆಸರಿನ ಪೋರ್ಟಲ್ ಆರಂಭವಾಗಿ, ವಕ್ಫ್ ಆಸ್ತಿಗಳ ವಿವರಗಳನ್ನು ಆರು ತಿಂಗಳೊಳಗೆ ಅದರಲ್ಲಿ ದಾಖಲಿಸಬೇಕೆಂದಾಯಿತು. ಕಾಯ್ದೆಯ ಸರಿ ತಪ್ಪುಗಳ ಚರ್ಚೆ ಬೇರೆ. ಆದರೆ ಅದು ನಮ್ಮ ಒಂದು ದೌರ್ಬಲ್ಯವನ್ನು ಬೆಳಕಿಗೆ ತಂದಿತು. ಬಳಕೆ ಎಷ್ಟು ಹಳೆಯದೆಂದು ತೋರಿಸಬೇಕಾದ ಸಂದರ್ಭ ಬಂದರೆ ನಮ್ಮ ಕೈಯಲ್ಲಿ ಏನಿದೆ? ಹಳೆಯ ಇಟ್ಟಿಗೆಯ ಅಳತೆ, ಸುಣ್ಣದ ಗಾರೆ, ಮಿಹ್ರಾಬಿನ ಶೈಲಿ, ಗೋರಿಕಲ್ಲಿನ ಮೇಲಿನ ಹಿಜರಿ ವರ್ಷ ಇವೆಲ್ಲವೂ ಕಾಲವನ್ನು ಹೇಳುವ ಸಾಕ್ಷಿಗಳು. ಅವುಗಳನ್ನು ದಾಖಲಿಸದೆ ಕೆಡವಿ ಕಾಂಕ್ರೀಟ್ ಕಟ್ಟಡ ಎಬ್ಬಿಸಿದಾಗ, ಇನ್ನೂರು ವರ್ಷದ ಮಸೀದಿ ಕಣ್ಣಿಗೆ ಇಪ್ಪತ್ತು ವರ್ಷದ್ದಾಗಿಬಿಡುತ್ತದೆ. ಎದುರಾಳಿ ಮಾಡಬೇಕಾದ ಕೆಲಸವನ್ನು ನಾವೇ ಮಾಡಿ ಮುಗಿಸಿರುತ್ತೇವೆ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಪ್ರಾರ್ಥನೆಯ ಕುರಿತೋ ಯುದ್ಧದ ಕುರಿತೋ ಇಲ್ಲ. ಅವಧಿ ಗೊತ್ತುಪಡಿಸಿದ ಸಾಲದ ವ್ಯವಹಾರವನ್ನು ನ್ಯಾಯಯುತವಾಗಿ ಬರೆದಿಡಬೇಕು, ಸಾಕ್ಷಿಗಳನ್ನು ಇರಿಸಿಕೊಳ್ಳಬೇಕು ಎಂಬ ಆದೇಶದ ಕುರಿತು ಇದೆ. ಅಲ್ ಬಕರಃ ಅಧ್ಯಾಯದ 282ನೆಯ ಆ ಸೂಕ್ತವನ್ನು ಓದುವ ಸಮುದಾಯವು, ತನ್ನ ಸಂಸ್ಥೆಗಳ ಕುರಿತು ಒಂದು ಪುಟವನ್ನೂ ಬರೆದಿಡದಿರುವುದು ಎಂತಹ ವೈರುಧ್ಯ! ವಕ್ಫ್ ಎಂಬುದು ಅಮಾನತ್ ಆಗಿದ್ದರೆ, ಅದರ ಚರಿತ್ರೆಯೂ ಅಮಾನತ್ ಅಲ್ಲವೇ?

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಕೆಲಸ ಆರಂಭಿಸುವ ಮುನ್ನ ಆಡಳಿತ ಸಮಿತಿಯು ಒಂದು ತಿಂಗಳ ಅವಕಾಶ ತೆಗೆದುಕೊಳ್ಳಲಿ. ಮೊಹಲ್ಲಾದಲ್ಲಿ ಸಿವಿಲ್ ಇಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದುತ್ತಿರುವ ಯುವಕ ಯುವತಿಯರು ಇದ್ದೇ ಇರುತ್ತಾರೆ. ಅವರಿಂದ ಪ್ರತಿಯೊಂದು ಅಂತಸ್ತಿನ ಅಳತೆಯ ನಕ್ಷೆ ಮಾಡಿಸಲಿ. ಗೋಡೆಯ ದಪ್ಪ, ಛಾವಣಿಯ ಎತ್ತರ, ಬಾಗಿಲು ಕಿಟಕಿಗಳ ಸ್ಥಾನ ಅದರಲ್ಲಿರಲಿ. ಹೊರಗಿನ ನಾಲ್ಕೂ ದಿಕ್ಕುಗಳಿಂದ, ಒಳಗೆ ಪ್ರತಿಯೊಂದು ಕೋಣೆಯ ನಾಲ್ಕೂ ಮೂಲೆಗಳಿಂದ, ಒಂದು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆಯಲಿ. ಫಲಕ, ಶಾಸನ, ಗೋರಿಕಲ್ಲುಗಳ ಬರಹವನ್ನು ಇದ್ದಂತೆಯೇ ನಕಲು ಮಾಡಿ ಕನ್ನಡದಲ್ಲಿ ಅರ್ಥ ಬರೆಯಲಿ. ಇಟ್ಟಿಗೆ, ಹೆಂಚು, ಗಾರೆ, ಮರದ ಒಂದೊಂದು ತುಂಡನ್ನು ಹೆಸರು ಬರೆದು ತೆಗೆದಿರಿಸಲಿ. ಹೆಂಚಿನ ಹಿಂಬದಿಯಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರೂ ಕೆಲವೊಮ್ಮೆ ಕಟ್ಟಡದ ಕಾಲವನ್ನು ತಿಳಿಸುತ್ತದೆ. ಹಿರಿಯರನ್ನು, ವಿಶೇಷವಾಗಿ ಮಹಿಳೆಯರನ್ನು, ಕುಳ್ಳಿರಿಸಿ ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲಿ. ಹಳೆಯ ರಸೀದಿ, ಕಂದಾಯದ ಪತ್ರ, ಸಭೆಯ ನಡಾವಳಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಲಿ. ಇವೆಲ್ಲದರ ಒಂದು ಪ್ರತಿ ಸಂಸ್ಥೆಯಲ್ಲಿ, ಒಂದು ಪ್ರತಿ ವಕ್ಫ್ ಮಂಡಳಿಯಲ್ಲಿ, ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿರಲಿ. ಒಬ್ಬರ ಮೊಬೈಲಿನಲ್ಲಿ ಮಾತ್ರ ಇರುವ ದಾಖಲೆ ದಾಖಲೆಯಲ್ಲ.

ಸರಕಾರದಿಂದ ಕೇಳಬೇಕಾದದ್ದೂ ಇಷ್ಟೇ ಸರಳವಾಗಿದೆ. ನಿರ್ದಿಷ್ಟ ವಯಸ್ಸು ಮೀರಿದ ಯಾವುದೇ ಸಾರ್ವಜನಿಕ ಕಟ್ಟಡವನ್ನು ಕೆಡವುವ, ಪರಿವರ್ತಿಸುವ ಅಥವಾ ಗುತ್ತಿಗೆಗೆ ಕೊಡುವ ಆದೇಶ ಹೊರಡುವ ಮುನ್ನ ಅದರ ದಾಖಲಾತಿ ಕಡ್ಡಾಯವಾಗಲಿ. ಅದರ ವೆಚ್ಚ ಯೋಜನೆಯ ಅಂದಾಜು ಪಟ್ಟಿಯಲ್ಲಿಯೇ ಸೇರಲಿ. ರಾಜ್ಯದ ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಪಠ್ಯದ ಭಾಗವಾಗಲಿ. ಸಿದ್ಧವಾದ ದಾಖಲೆ ಅಧಿಕಾರಿಯ ಕಪಾಟಿನಲ್ಲಿ ಉಳಿಯದೆ ರಾಜ್ಯ ಪತ್ರಾಗಾರ ಇಲಾಖೆಗೂ ಸ್ಥಳೀಯ ಗ್ರಂಥಾಲಯಕ್ಕೂ ತಲುಪಲಿ. ಇಂಗ್ಲಿಷಿನಲ್ಲಿ ಮಾತ್ರವಲ್ಲ, ಕನ್ನಡದಲ್ಲಿಯೂ ಇರಲಿ. ಕಟ್ಟಿಸಿದ ಅಧಿಕಾರಿಯ ಹೆಸರಿನೊಂದಿಗೆ ಅಲ್ಲಿ ದುಡಿದವರ, ಓದಿದವರ, ಬಂಧಿತರಾದವರ ಮಾತುಗಳೂ ಅದರಲ್ಲಿ ಸೇರಲಿ.

ಇಲ್ಲಿ ಎರಡು ಆಕ್ಷೇಪಗಳು ಬರಬ��ುದು. ದಾಖಲೆ ಮಾಡಿಯಾಯಿತು, ಇನ್ನು ಕೆಡವಬಹುದು ಎಂದು ಇದೇ ಒಂದು ನೆಪವಾಗಲಾರದೇ ಎಂಬುದು ಮೊದಲನೆಯದು. ಈ ಭಯ ನಿರಾಧಾರವಲ್ಲ. ಆದುದರಿಂದ ದಾಖಲೆಯು ಅನುಮತಿ ಪತ್ರವಾಗಬಾರದು, ಅನುಮತಿಯ ಚರ್ಚೆಗೆ ಮೊದಲು ಜನರ ಮುಂದೆ ಬರಬೇಕಾದ ಮಾಹಿತಿಯಾಗಬೇಕು. ಕಟ್ಟಡದ ಮೌಲ್ಯ ಏನೆಂದು ತಿಳಿದ ಮೇಲೆ ಅದನ್ನು ಕೆಡವುವ ಕೈ ತುಸುವಾದರೂ ತಡೆಯುತ್ತದೆ. ಸೆರೆಮನೆಯಂತಹ ಕಟ್ಟಡಗಳು ಪರಕೀಯ ಆಡಳಿತದ ಕ್ರೌರ್ಯದ ಗುರುತುಗಳು, ಅವುಗಳನ್ನೇಕೆ ನೆನಪಿಡಬೇಕು ಎಂಬುದು ಎರಡನೆಯದು. ಕ್ರೌರ್ಯವನ್ನು ಮರೆಯುವುದರಿಂದ ಲಾಭವಾಗುವುದು ಕ್ರೂರಿಗಳಿಗೆ ಮಾತ್ರ. ವಿದೇಶಿಯರು ಕಟ್ಟಿದ ಅದೇ ಕೋಣೆಗಳಲ್ಲಿ ಸ್ವತಂತ್ರ ಭಾರತದ ಸರಕಾರ ತನ್ನದೇ ಪ್ರಜೆಗಳನ್ನು ವಿಚಾರಣೆಯಿಲ್ಲದೆ ಕೂಡಿಹಾಕಿತ್ತು ಎಂಬುದನ್ನು ಮುಂದಿನ ತಲೆಮಾರು ಅರಿಯಬೇಡವೇ?

ಇತಿಹಾಸವನ್ನು ಪಠ್ಯಪುಸ್ತಕಗಳಲ್ಲಿ ತಿದ್ದಲಾಗುತ್ತಿದೆ ಎಂದು ನಾವು ದೂರುತ್ತೇವೆ. ಊರುಗಳ, ರಸ್ತೆಗಳ ಹೆಸರು ಬದಲಾದಾಗ ನೊಂದುಕೊಳ್ಳುತ್ತೇವೆ. ಅದು ನ್ಯಾಯವೇ. ಆದರೆ ದೂರುವವನ ಕೈಯಲ್ಲಿ ದಾಖಲೆಯೂ ಇರಬೇಕು. ಘೋಷಣೆ ಆ ದಿನದ ಸಂಜೆಗೆ ಮುಗಿಯುತ್ತದೆ. ಅಳತೆ ಹಾಕಿ, ದಿನಾಂಕ ಬರೆದು, ಸಾಕ್ಷಿಗಳ ಸಹಿಯೊಂದಿಗೆ ಇರಿಸಿದ ಒಂದು ನಕ್ಷೆ ನೂರು ವರ್ಷದ ಬಳಿಕವೂ ಮಾತನಾಡುತ್ತದೆ. ನಿಮ್ಮ ಊರಿನ ಶಾಲೆಯನ್ನೋ ಮಸೀದಿಯನ್ನೋ ಹಳೆಯ ಕಚೇರಿಯನ್ನೋ ಪರಿವರ್ತಿಸುವ ಮಾತು ಇಂದು ನಡೆಯುತ್ತಿದ್ದರೆ, ಮುಂದಿನ ಸಭೆಯಲ್ಲಿ ಗುತ್ತಿಗೆದಾರನ ದರಪಟ್ಟಿ ತೆರೆಯುವ ಮುನ್ನ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಈ ಕಟ್ಟಡದ ದಾಖಲೆ ಎಲ್ಲಿದೆ?